ಕೆಂಪು ಚೀಟಿ ಎತ್ತದ ಇಪ್ಪತ್ತೆರಡು ವರ್ಷ

ಫೆಬ್ರವರಿ 6, ಗುರುವಾರ. ಬೆಳಿಗ್ಗೆ 6.30

ಶಾಲೆಗಳ ಕ್ವಿಜ್ ಫೈನಲ್‌ಗೆ ಇನ್ನೂ ಹದಿನಾಲ್ಕು ಪ್ರಶ್ನೆ ಬೇಕು. ಊಟದ ಮೇಜಿನ ತುಂಬ ಕಾರ್ಡುಗಳು. ಮೂರು ಗುಡ್ಡೆ — ಸುಲಭ, ಮಧ್ಯಮ, ತಲೆ ಕೆರೆದುಕೊಳ್ಳುವಂಥದ್ದು. ತಂಗಿ ಕಾಫಿ ಲೋಟ ಇಡಲು ಜಾಗ ಹುಡುಕಿ, ಕೊನೆಗೆ ‘ಸುಲಭ’ದ ಮೇಲೆಯೇ ಇಟ್ಟಳು. ಆಕ್ಟೋಪಸ್‌ಗೆ ಎಷ್ಟು ಹೃದಯ ಎಂಬ ಕಾರ್ಡಿನ ಮೇಲೆ ಈಗ ಕಾಫಿಯ ಉಂಗುರ.

“ಆಕ್ಟೋಪಸ್‌ಗೆ ಮೂರು ಹೃದಯ ಅನ್ನೋದು ಗೊತ್ತು ನಿಂಗೆ. ಮನೇಲಿ ಗ್ಯಾಸ್ ಮುಗಿದಿರೋದು ಮಾತ್ರ ಗೊತ್ತಿಲ್ಲ.”

ಮನೆಯಲ್ಲೇ ಹೊಲಿಗೆ ಕೆಲಸ ಅವಳದು. ಕೈಯಲ್ಲಿ ಸೂಜಿ ಇಲ್ಲದಾಗ ಬಾಯಲ್ಲಿ ಇರುತ್ತದೆ.

ನಮ್ಮ ಶಾಲೆ ಈ ಸಲವೂ ಸ್ಪರ್ಧೆಯಲ್ಲಿಲ್ಲ. ಪ್ರಶ್ನೆ ಬರೆಯುವವಳು ಇಲ್ಲಿಯ ಲೈಬ್ರರಿ ಮಿಸ್, ಅಂದರೆ ನಾನು, ಹಾಗಾಗಿ ನಮ್ಮ ಮಕ್ಕಳು ಹೊರಗೆ. ಸ್ಟಾಫ್ ರೂಮಿನಲ್ಲಿ ವರ್ಷಕ್ಕೊಮ್ಮೆ ಯಾರಾದರೂ ಗೊಣಗುತ್ತಾರೆ. ಗೊಣಗಲಿ. ಹನ್ನೆರಡು ಶಾಲೆಗಳಿಗೆ ನನ್ನ ಕಾರ್ಡೇ ಕೊನೆಯ ಮಾತು. ಪ್ರತಿ ತಂಡದ ಮುಂದೆ ಒಂದು ಕೆಂಪು ಚೀಟಿ ಇಟ್ಟಿರುತ್ತೇವೆ. ತೀರ್ಪು ಒಪ್ಪಿಗೆ ಇಲ್ಲದಿದ್ದರೆ ಮುಂದಿನ ಪ್ರಶ್ನೆ ಓದುವ ಮೊದಲು ಎತ್ತಬೇಕು. ಆಮೇಲೆ ಎತ್ತಿದರೆ ನಡೆಯುವುದಿಲ್ಲ. ಏಳನೇ ನಿಯಮ, ನಾನೇ ಬರೆದದ್ದು. ಇಪ್ಪತ್ತೊಂದು ವರ್ಷದಲ್ಲಿ ಯಾರೂ ಎತ್ತಿಲ್ಲ.

ಗ್ಯಾಸ್‌ಗೆ ಫೋನ್ ಮಾಡಬೇಕು.

ಫೆಬ್ರವರಿ 8, ಶನಿವಾರ. ಸಂಜೆ 5

ಮುಗಿಯಿತು. ಕಾಲು ನೋವು, ಗಂಟಲು ಒಣಗಿದೆ. ಆದರೂ ಖುಷಿ.

ಕೊನೆಗೆ ಉಳಿದದ್ದು ಎರಡು ತಂಡ — ಗಡಿಯಾರದ ಶಾಲೆ, ಕಾಲುವೆ ಪಕ್ಕದ ಶಾಲೆ. ಕಾಲುವೆ ಶಾಲೆ ಫೈನಲ್‌ಗೆ ಬಂದದ್ದು ಇದೇ ಮೊದಲು. ಅವರನ್ನು ತಯಾರು ಮಾಡಿದವರು ಡ್ರಿಲ್ ಮೇಷ್ಟ್ರು, ಬೇರೆ ಯಾರೂ ಒಪ್ಪಲಿಲ್ಲವಂತೆ. ಆ ತಂಡದಲ್ಲಿ ಒಂಬತ್ತನೇ ತರಗತಿಯ ಒಂದು ಹುಡುಗಿ. ಉಗುರು ಕಚ್ಚುತ್ತ ಕೂತಿರುತ್ತಾಳೆ, ಪ್ರಶ್ನೆ ಅರ್ಧಕ್ಕೆ ಬಂದಾಗ ಬೆಲ್ ಒತ್ತುತ್ತಾಳೆ. ತಂಡದ ಅಂಕವೆಲ್ಲ ಹೆಚ್ಚುಕಮ್ಮಿ ಅವಳದೇ.

ಇನ್ನೆರಡು ಪ್ರಶ್ನೆ ಇದ್ದಾಗ ಕಾಲುವೆ ಶಾಲೆ ಹತ್ತು ಅಂಕ ಮುಂದೆ. ನಮ್ಮ ಕ್ವಿಜ್ ಮಾಸ್ಟರ್ — ವೃತ್ತಿಯಲ್ಲಿ ಹಲ್ಲಿನ ಡಾಕ್ಟರು — ಓದಿದರು: ಸೌರವ್ಯೂಹದಲ್ಲಿ ಅತಿ ಹೆಚ್ಚು ಉಪಗ್ರಹಗಳಿರುವುದು ಯಾವ ಗ್ರಹಕ್ಕೆ? ಹುಡುಗಿ ಬೆಲ್ ಒತ್ತಿದಳು. “ಶನಿ.” ಡಾಕ್ಟರು ಕಾರ್ಡ್ ನೋಡಿ, “ಅಯ್ಯೋ ಪಾಪ... ತಪ್ಪು.” ಮೈನಸ್ ಐದು. ಪ್ರಶ್ನೆ ಆಚೆ ಮೇಜಿಗೆ ಹೋಯಿತು. “ಗುರು.” ಹತ್ತು. ಮುಂದಿದ್ದವರು ಐದು ಅಂಕ ಹಿಂದೆ. ಕೊನೆಯ ಪ್ರಶ್ನೆಗೆ ಎರಡು ತಂಡವೂ ಬಾಯಿ ಬಿಡಲಿಲ್ಲ.

ಶನಿ ತಪ್ಪು ಎಂದ ಕೂಡಲೇ ಹುಡುಗಿಯ ಕೈ ಒಂದು ಸಲ ಕೆಂಪು ಚೀಟಿಯ ಮೇಲೆ ಹೋಗಿತ್ತು. ನನ್ನ ಕಡೆ ನೋಡಿದಳು, ಕೈ ವಾಪಸ್ ತೆಗೆದುಕೊಂಡಳು. ಗಡಿಯಾರದ ಶಾಲೆ ಗೆದ್ದಿತು. ಬಹುಮಾನ ವಿತರಣೆ ಇದೇ 22ಕ್ಕೆ.

ಇಪ್ಪತ್ತೆರಡನೇ ವರ್ಷವೂ ಚೀಟಿ ಏಳಲಿಲ್ಲ. ಒಳಗೊಳಗೇ ಬೀಗಿದೆ, ಸುಳ್ಳೇಕೆ ಹೇಳಲಿ.

ಫೆಬ್ರವರಿ 9, ಭಾನುವಾರ. ಬೆಳಿಗ್ಗೆ 10

ಕಾರ್ಡುಗಳನ್ನು ಪೆಟ್ಟಿಗೆಗೆ ಸೇರಿಸುವ ಕೆಲಸ. ಪ್ರತಿ ಕಾರ್ಡಿನ ಹಿಂದೆ ಯಾವ ವರ್ಷ ಕೇಳಿದ್ದು, ಯಾರು ಏನು ಹೇಳಿದರು ಎಂದು ಬರೆದು ಒಳಗಿಡಬೇಕು. ಉಪಗ್ರಹದ ಕಾರ್ಡು ಬಂತು. ಅದರಲ್ಲಿ ‘ಶನಿ’ ಎಂದಿದ್ದದ್ದನ್ನು ಹೊಡೆದುಹಾಕಿ ಹಸಿರು ಇಂಕಿನಲ್ಲಿ ‘ಗುರು’ ಎಂದು ತಿದ್ದಿದ್ದೇನೆ. ಎರಡು ವರ್ಷದ ಹಿಂದೆ. ನೆನಪಿದೆ — ಗುರುವಿಗೆ ಹೊಸ ಉಪಗ್ರಹಗಳು ಸಿಕ್ಕಿವೆ ಎಂದು ಓದಿದ ದಿನವೇ ತಿದ್ದಿದ್ದು. ನನ್ನಷ್ಟು ಬೇಗ ಯಾರು ತಿದ್ದುತ್ತಾರೆ ಎಂದು ಹೆಮ್ಮೆ ಬೇರೆ.

ಈಗಿನ ಸಂಖ್ಯೆ ಬರೆದಿಡೋಣ ಎಂದು ಕಂಪ್ಯೂಟರ್ ತೆಗೆದೆ.

ಶನಿ. ಗುರು ಮುಂದಿದ್ದದ್ದು ಕೆಲವೇ ತಿಂಗಳು. ಅದೇ ವರ್ಷ ಶನಿಗೆ ಹತ್ತಾರು ಸಿಕ್ಕಿ, ಮತ್ತೆ ಅದೇ ಮೊದಲು. ಮೊದಲನೆಯ ಸುದ್ದಿ ಓದಿದ್ದೆ. ಎರಡನೆಯದನ್ನು ಓದಲಿಲ್ಲ.

ಮೂರು ಕಡೆ ನೋಡಿದೆ. ನಾಲ್ಕನೆಯ ಕಡೆಯೂ ನೋಡಿದೆ.

11.15

ಕೂತಲ್ಲಿ ಕೂರಲಾಗುತ್ತಿಲ್ಲ. ಕಾಲು ಸುಟ್ಟ ಬೆಕ್ಕಿನ ಹಾಗೆ ಅಡುಗೆಮನೆಗೂ ಹಾಲ್‌ಗೂ ತಿರುಗುತ್ತಿದ್ದೇನೆ. ಸರಿ ಉತ್ತರ ಕೊಟ್ಟರೆ ಹತ್ತು. ಮೈನಸ್ ಇಲ್ಲ, ಆಚೆಯವರಿಗೆ ಪ್ರಶ್ನೆ ಹೋಗುವುದೇ ಇಲ್ಲ. ಇಪ್ಪತ್ತು ಅಂಕದಿಂದ ಕಾಲುವೆ ಶಾಲೆ ಗೆಲ್ಲಬೇಕಿತ್ತು.

ತಂಗಿಗೆ ಹೇಳಿದೆ. ಹೊಲಿಗೆ ಯಂತ್ರ ನಿಲ್ಲಿಸಿದಳು. “ಶನಿ ಹೆಗಲೇರೋದು ಅಂದ್ರೆ ಇದೇ ನೋಡು.” ನಕ್ಕಳು. ನಾನು ನಗದ್ದು ನೋಡಿ ದಾರ ಕತ್ತರಿಸಿದಳು. “ಹೋಗಿ ಹೇಳ್ಬಿಡು ಅಕ್ಕ. ನಾನು ದಿನಾ ಒಂದು ತೋಳನ್ನ ಉಲ್ಟಾ ಹೊಲಿದು ಬಿಚ್ತೀನಿ. ಯಾರೂ ಸತ್ತಿಲ್ಲ.”

ಅವಳಿಗೇನು. ಅವಳ ತೋಳನ್ನು ಹನ್ನೆರಡು ಶಾಲೆ ನೋಡುವುದಿಲ್ಲ.

ಫೆಬ್ರವರಿ 10, ಸೋಮವಾರ. ಮಧ್ಯಾಹ್ನ

ಲಂಚ್ ಬ್ರೇಕಿನಲ್ಲಿ ಡಾಕ್ಟರ ಕ್ಲಿನಿಕ್‌ಗೆ ಓಡಿದೆ. ಕುರ್ಚಿಯಲ್ಲಿ ಒಬ್ಬ ಹಿರಿಯರು, ಬಾಯಿ ತುಂಬ ಹತ್ತಿ. ಅವರೆದುರೇ ಎಲ್ಲ ಹೇಳಿದೆ, ತಡೆಯಲಾಗಲಿಲ್ಲ.

ಡಾಕ್ಟರು ಕನ್ನಡಿ ಕಡ್ಡಿ ಕೆಳಗಿಟ್ಟರು. “ಮೇಡಂ, ಏಳನೇ ನಿಯಮ ಬರೆದೋರು ಯಾರು?”

“ನಾನೇ.”

“ಮುಗೀತಲ್ಲ. ಆ ಹುಡುಗಿ ಚೀಟಿ ಎತ್ತಿಲ್ಲ. ನೀವು ಈಗ ಬಾಯಿ ಬಿಟ್ರೆ ನಾಳೆ ಇಪ್ಪತ್ತು ವರ್ಷದ ಹಳೇ ತಂಡದೋರೆಲ್ಲ ಬಂದು ಬಾಗಿಲು ತಟ್ತಾರೆ. ಎರಡು ದಿನ ನೋವಿರುತ್ತೆ, ಆಮೇಲೆ ತಾನಾಗೇ ಹೋಗುತ್ತೆ.”

“ಹಲ್ಲಿಗೂ ಹಾಗೇ ಹೇಳ್ತೀರಾ ಡಾಕ್ಟ್ರೇ?”

ಹಿರಿಯರು ಹತ್ತಿಯೊಳಗಿಂದ “ಆಆ” ಎಂದು ಏನೋ ಹೇಳಿದರು. ನನ್ನ ಪರವೋ ಅವರ ಪರವೋ ಗೊತ್ತಾಗಲಿಲ್ಲ.

ಆಚೆ ಬಂದ ಮೇಲೆ ನಿಜವಾಗಿ ಹಗುರವೆನಿಸಿತು. ಯಾರೋ ಬೇಡ ಎಂದರಲ್ಲ. ಅಷ್ಟು ಸಾಕಿತ್ತು ನನಗೆ. ನಾಚಿಕೆಯಾಗುತ್ತದೆ ಬರೆಯಲು.

ಫೆಬ್ರವರಿ 13, ಗುರುವಾರ

ಎರಡು ದಿನ ಬರೆಯಲಿಲ್ಲ. ಬರೆಯುವುದೇನಿದೆ. ಲೈಬ್ರರಿಯಲ್ಲಿ ಒಂದೇ ಪುಸ್ತಕವನ್ನು ಇಬ್ಬರ ಹೆಸರಿಗೆ ಹಾಕಿದೆ. ಸಮಿತಿಗೆ ಕಾಗದ ಶುರು ಮಾಡಿದೆ, ನಾಲ್ಕು ಸಲ. ‘ಒಂದು ಸಣ್ಣ ಕಣ್ತಪ್ಪಿನಿಂದ...’ ಹರಿದೆ. ಕಣ್ತಪ್ಪಲ್ಲ ಅದು. ಕಣ್ಣರಳಿಸಿ ತಿದ್ದಿದ್ದು.

ಫೆಬ್ರವರಿ 14, ಶುಕ್ರವಾರ. ಸಂಜೆ 4.30

ಡ್ರಿಲ್ ಮೇಷ್ಟ್ರು ಬಂದಿದ್ದರು, ಅಭ್ಯಾಸಕ್ಕೆಂದು ಒಯ್ದಿದ್ದ ಬೆಲ್ಲುಗಳನ್ನು ಕೊಡಲು. ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ ಎಂದೆ.

“ಯಾರಿಗೆ ಇಟ್ಕೊಳ್ಳಿ ಮಿಸ್? ಆ ಹುಡುಗಿ ಬಿಟ್ಬಿಟ್ಲು. ನೋಟ್‌ಬುಕ್ ಎಲ್ಲ ತಂದು ನನ್ ಮೇಜಿನ ಮೇಲಿಟ್ಟು ಹೋದ್ಲು. ಎರಡು ವರ್ಷ ಬರ್ಕೊಂಡಿದ್ದು. ಕೇಳಿದ್ದಕ್ಕೆ, ‘ಗೊತ್ತು ಗೊತ್ತು ಅಂದ್ಕೊಂಡಿದ್ದೇ ಗೊತ್ತಿರ್ಲಿಲ್ಲ ಸಾರ್, ಉಳಿದಿದ್ದೂ ಹಾಗೇ ಇರುತ್ತೆ’ ಅಂತಾಳೆ. ಕ್ಲಾಸಲ್ಲೂ ಕೈ ಎತ್ತಲ್ವಂತೆ.”

ಬಾಯಿ ತೆರೆದೆ. ಜೂನ್‌ವರೆಗೆ ಬೆಲ್ಲಿನ ಬ್ಯಾಟರಿ ಬರುತ್ತದೋ ಇಲ್ಲವೋ ಎಂದು ಕೇಳಿದೆ! ಅವರು ಪಾಪ ತೆಗೆದು ತೋರಿಸಿದರು. ಹೋದರು.

ನನ್ನಂಥ ಹೇಡಿ ಇನ್ನೊಬ್ಬಳಿಲ್ಲ.

ಫೆಬ್ರವರಿ 17, ಸೋಮವಾರ

ಅರ್ಧ ದಿನ ರಜೆ ಹಾಕಿ ಕಾಲುವೆ ಶಾಲೆಗೆ ಹೋದೆ. ಬಸ್ಸಿನಲ್ಲಿ ಜಾಗವಿದ್ದರೂ ನಿಂತೇ ಇದ್ದೆ. ಇಳಿಯುವ ಸ್ಟಾಪ್ ದಾಟಿಹೋಯಿತು, ಹಿಂದಕ್ಕೆ ನಡೆದೆ.

ಹುಡುಗಿ ಕಾರಿಡಾರಿನಲ್ಲಿ ಸಿಕ್ಕಳು. ಹೆಡ್ ಮಾಸ್ಟರ ರೂಮು ಬೇಡವೆನಿಸಿತು, ಅಲ್ಲೇ ನೀರಿನ ನಲ್ಲಿ ಪಕ್ಕದಲ್ಲಿ ನಿಂತು ಹೇಳಿದೆ. ನಿನ್ನ ಉತ್ತರ ಸರಿ. ನನ್ನ ಕಾರ್ಡು ತಪ್ಪು. ಇಷ್ಟು ಹೇಳಲು ಒಂಬತ್ತು ದಿನ ಬೇಕಾಯಿತು.

ಅಳುತ್ತಾಳೆ ಅಥವಾ ಕುಣಿಯುತ್ತಾಳೆ ಎಂದುಕೊಂಡಿದ್ದೆ. ಎರಡೂ ಇಲ್ಲ.

“ಗೊತ್ತಿತ್ತು ಮಿಸ್.”

“ಗೊತ್ತಿತ್ತಾ?”

“ಮೊದಲು ಗುರು ಆಗಿತ್ತು, ಆಮೇಲೆ ಮತ್ತೆ ಶನಿ ಆಯ್ತು. ಎರಡೂ ಬರ್ಕೊಂಡಿದ್ದೆ.”

“ಮತ್ತೆ ಚೀಟಿ ಯಾಕೆ ಎತ್ತಲಿಲ್ಲ ಮಗೂ?”

ಉಗುರು ಕಚ್ಚಿದಳು. “ಲೈಬ್ರರಿ ಮಿಸ್ ಕಾರ್ಡಲ್ಲಿ ತಪ್ಪು ಇರೋದೇ ಇಲ್ಲ ಅಂತ ಸಾರ್ ಮೊದಲ ದಿನವೇ ಹೇಳಿದ್ರು. ಎಲ್ಲಾ ಶಾಲೇಲೂ ಹಾಗೇ ಹೇಳ್ತಾರಂತೆ. ಹಾಗಾದ್ರೆ ನಾನೇ ತಪ್ಪು ಬರ್ಕೊಂಡಿರ್ಬೇಕು ಅನ್ನಿಸ್ತು.”

ಕಪಾಳಕ್ಕೆ ಹೊಡೆದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಸಮಿತಿಗೆ ಹೇಳುತ್ತೇನೆ, ಎಲ್ಲರ ಮುಂದೆ ಹೇಳುತ್ತೇನೆ ಎಂದೆ. ತಲೆಯಾಡಿಸಿದಳು. ನಂಬಿದಂತೆ ಕಾಣಲಿಲ್ಲ. ಯಾಕೆ ನಂಬಬೇಕು.

ಫೆಬ್ರವರಿ 18, ಮಂಗಳವಾರ

ಸಮಿತಿ ಎಂದರೆ ಮೂವರು — ನಾನು, ಡಾಕ್ಟರು, ಗಡಿಯಾರದ ಶಾಲೆಯ ಹೆಡ್ ಮಿಸ್.

ಹೆಡ್ ಮಿಸ್ ಕೋಪ ಮಾಡಿಕೊಳ್ಳಲಿಲ್ಲ. ಅದು ಇನ್ನೂ ಕಷ್ಟ. “ಕಪ್ ಮೇಲೆ ಹೆಸರು ಕೆತ್ತಿಸಿ ಆಗಿದೆ. ನಮ್ಮ ಮಕ್ಕಳು ಏನ್ ತಪ್ಪು ಮಾಡಿದ್ರು ಹೇಳಿ? ನಿಮ್ಮ ನಿಯಮ, ನಿಮ್ಮ ಕಾರ್ಡು, ನಿಮ್ಮ ಉತ್ತರ. ಎಲ್ಲಾ ಪಾಲಿಸಿದ್ದಾರೆ.”

ಮತಕ್ಕೆ ಹಾಕಿದೆವು. ಎರಡಕ್ಕೆ ಒಂದು. ಕಪ್ ಅಲ್ಲೇ. ನಾನು ಎಲ್ಲರೆದುರು ಹೇಳುವುದನ್ನು ಮಾತ್ರ ಯಾರಿಂದಲೂ ತಡೆಯಲಾಗುವುದಿಲ್ಲ ಎಂದೆ. ಡಾಕ್ಟರು ನಿಟ್ಟುಸಿರು ಬಿಟ್ಟರು. “ಚಿಕ್ಕದಾಗಿ ಹೇಳಿ ಮೇಡಂ.”

ಫೆಬ್ರವರಿ 22, ಶನಿವಾರ. ಮಧ್ಯಾಹ್ನ 1

ಹೇಳಿದೆ. ಚಿಕ್ಕದಾಗಿಯೇ. ‘ಉಪಗ್ರಹದ ಪ್ರಶ್ನೆಗೆ ಸರಿಯಾದ ಉತ್ತರ ಶನಿ. ಕಾಲುವೆ ಶಾಲೆಯ ಹುಡುಗಿ ಸರಿ ಹೇಳಿದ್ದಳು. ನಾನು ತಪ್ಪು ಬರೆದಿದ್ದೆ. ಗೆಲ್ಲಬೇಕಾದವರು ಅವರು.’ ಸಭೆಯಲ್ಲಿ ಗುಜುಗುಜು. ಹಿಂದಿನ ಸಾಲಿನಲ್ಲಿ ಯಾರೋ ಶಿಳ್ಳೆ ಹಾಕಿದರು. ಡ್ರಿಲ್ ಮೇಷ್ಟ್ರು ತಲೆ ತಗ್ಗಿಸಿ ಕೂತಿದ್ದರು, ಭುಜ ಅಲುಗುತ್ತಿತ್ತು. ಹುಡುಗಿ ಮಾತ್ರ ನನ್ನನ್ನೇ ನೋಡುತ್ತಿದ್ದಳು, ಲೆಕ್ಕ ತಾಳೆ ನೋಡುವವರ ಹಾಗೆ.

ಕಪ್ ಗಡಿಯಾರದ ಶಾಲೆಗೇ ಹೋಯಿತು. ಅವರ ನಾಯಕ ಅದನ್ನು ಎತ್ತಿ ಹಿಡಿಯಲಿಲ್ಲ, ಕಂಕುಳಲ್ಲಿ ಇಟ್ಟುಕೊಂಡು ಇಳಿದ.

ಆಮೇಲೆ ಹುಡುಗಿ ಬಂದಳು. “ಉಳಿದ ಕಾರ್ಡ್ ನಾನು ನೋಡ್ಬಹುದಾ ಮಿಸ್?”

“ಯಾಕೆ?”

“ಸುಮ್ನೆ.”

ಆರು ಪೆಟ್ಟಿಗೆ ಇವೆ, ನಾಲ್ಕು ಸಾವಿರದ ಮೇಲೆ ಎಂದೆ. ಹೆದರುತ್ತಾಳೆ ಎಂದುಕೊಂಡೆ. ಮುಂದಿನ ಶನಿವಾರ ಬರ್ತೀನಿ ಎಂದಳು.

ತಂಗಿ ಕೇಳಿದಳು, ಈಗ ನಿದ್ದೆ ಬರುತ್ತಾ ಎಂದು. ಬರುತ್ತದೆ ಎಂದೆ. ಹೇಳಿ ಮುಗಿಸಿದ್ದೇನೆ, ಇನ್ನೇನಿದೆ.

ಮಾರ್ಚ್ 1, ಶನಿವಾರ. ಮಧ್ಯಾಹ್ನ 12.40, ಲೈಬ್ರರಿ

ಹತ್ತು ಗಂಟೆಗೆ ಬಂದಳು, ತನ್ನ ನೋಟ್‌ಬುಕ್ಕುಗಳ ಸಮೇತ. ಮೇಷ್ಟ್ರ ಹತ್ತಿರ ವಾಪಸ್ ಕೇಳಿ ತಂದಳಂತೆ. ಸಂತೋಷವಾಯಿತು, ತೋರಿಸಿಕೊಳ್ಳದೆ ಕುರ್ಚಿ ಎಳೆದುಕೊಟ್ಟೆ.

ಮೊದಲ ಪೆಟ್ಟಿಗೆ, ಭೂಗೋಳ. ಅನುಮಾನ ಬಂದದ್ದನ್ನು ಅವಳು ಪಕ್ಕಕ್ಕಿಡುತ್ತಾಳೆ, ನಾನು ನೋಡುತ್ತೇನೆ. ಒಂದೆರಡು ಇರಬಹುದು ಎಂದುಕೊಂಡಿದ್ದೆ. ವಿಶ್ವಸಂಸ್ಥೆಯ ಸದಸ್ಯ ದೇಶಗಳು — ಒಂದು ಕಡಿಮೆ. ಕಝಾಕಸ್ತಾನದ ರಾಜಧಾನಿಯ ಹೆಸರು ಬದಲಾಗಿ ಮತ್ತೆ ಹಳೆಯದೇ ಬಂದಿದೆ, ನಾನು ನಡುವಿನದರಲ್ಲೇ ನಿಂತಿದ್ದೇನೆ. ಚೀನಾದ ಮಹಾಗೋಡೆ ಚಂದ್ರನಿಂದ ಕಾಣುತ್ತದೆ ಎಂದು ಬರೆದಿದ್ದೇನೆ! ಕಾಣುವುದಿಲ್ಲ. ಇಲ್ಲಿಗೆ ಹನ್ನೊಂದು. ಹುಡುಗಿ ಗೆದ್ದವಳಂತೆ ನಗುವುದಿಲ್ಲ. “ಇದೂ ನೋಡಿ ಮಿಸ್” ಎಂದು ಜರುಗಿಸುತ್ತಾಳೆ, ಅಷ್ಟೇ.

ಹನ್ನೆರಡನೆಯದು ಈಗ ಕೈಯಲ್ಲಿದೆ. ಜಗತ್ತಿನ ಅತಿ ದೊಡ್ಡ ಮರುಭೂಮಿ? ಸಹಾರಾ.

“ಬಿಸಿ ಮರುಭೂಮಿ ಅಂದ್ರೆ ಸಹಾರಾ ಮಿಸ್. ಬರೀ ಮರುಭೂಮಿ ಅಂತ ಕೇಳಿದ್ರೆ ಅಂಟಾರ್ಕ್ಟಿಕಾ. ಅಲ್ಲಿ ಮಳೆ ಹಿಮ ಬೀಳೋದೇ ಕಮ್ಮಿ.”

ಕಾರ್ಡ್ ತಿರುಗಿಸಿದೆ. ಹಿಂದೆ ನನ್ನದೇ ಅಕ್ಷರ, ಹದಿನಾಲ್ಕು ವರ್ಷದ ಹಿಂದಿನದು: ‘ತಪ್ಪು. ಅಂಟಾರ್ಕ್ಟಿಕಾ!!’ ಎರಡು ಆಶ್ಚರ್ಯಸೂಚಕ ಬೇರೆ.

ನೆನಪಾಯಿತು. ಕೂತಾಗ ಗಲ್ಲ ಮೇಜಿನ ಮೇಲೆ ಬರುವಷ್ಟು ಎತ್ತರದ ಮಗು. ಅಂಟಾರ್ಕ್ಟಿಕಾ ಎಂದಿತು. ಇಡೀ ಸಭೆ ನಕ್ಕಿತು. ಅಲ್ಲಿ ಒಂಟೆಗೆ ಸ್ವೆಟರ್ ಯಾರು ಹೆಣೀತಾರೆ ಎಂದರು ಡಾಕ್ಟರು. ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಆ ಮಗು ಸುತ್ತ ನೋಡಿತು. ಎಲ್ಲರೂ ನಗುತ್ತಿದ್ದೇವೆಂದು ತಾನೂ ಸ್ವಲ್ಪ ನಕ್ಕು ಕೂತುಕೊಂಡಿತು. ಆಮೇಲೆ ಆ ದಿನ ಒಂದಕ್ಕೂ ಬೆಲ್ ಒತ್ತಲಿಲ್ಲ.

ಹಳೆಯ ಸ್ಕೋರ್ ಶೀಟುಗಳು ಸ್ಟೋರ್ ರೂಮಿನಲ್ಲಿರಬೇಕು. ಹೆಸರು ಇದ್ದೇ ಇರುತ್ತದೆ. ಈಗ ಇಪ್ಪತ್ತೈದು ದಾಟಿರುತ್ತದೆ ಆ ಮಗುವಿಗೆ. ಎಲ್ಲಿದ್ದರೂ ಹುಡುಕಿ... ಏನೆಂದು ಶುರು ಮಾಡುವುದು? ಹುಡುಗಿ ಎರಡನೇ ಪೆಟ್ಟಿಗೆ ತೆಗೆದಳು. ಇನ್ನೂ ಮುಚ್ಚಳ ಕೆಳಗಿಟ್ಟಿಲ್ಲ, ಆಗಲೇ “ಮಿಸ್, ಇಲ್ಲೊಂದು” ಎನ್ನುತ್ತಿದ್ದಾಳೆ. ಬಂದೆ ಎಂದೆ. ಇದರ ಹಿಂದೆ ಯಾರು ಏನು ಹೇಳಿದ್ದರೋ —