ಕ್ಯಾಪ್ಟನ್ ಮುಚ್ಚಿಸಿದ ಬಾಗಿಲು

ಇಸವಿ ಎರಡು ಸಾವಿರದ ನಾನೂರ ಹನ್ನೆರಡು, ನೆರಳು ತಿಂಗಳ ನಲವತ್ತನೆಯ ದಿನ
ಚಂದ್ರನ ದಕ್ಷಿಣದ ಹಿಮಗಣಿ

ನಾನೂರು ವರ್ಷ ಹಿಂದಿನ ಪ್ರೇಕ್ಷಕರಿಗೆ ತುಂಗವ್ವನ ವಂದನೆಗಳು. ನನ್ನ ಬರವಣಿಗೆ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ಬರೆಯುವ ಕನ್ನಡವನ್ನು ನಾನು ನಿಮ್ಮ ಟೀವಿ ಧಾರಾವಾಹಿಗಳ ಅಡಿಬರಹದಿಂದ ಕಲಿತವಳು.

ಗಣಿ ಕೆಲಸ ಮುಗಿದ ಮೇಲೆ ನಾವು ನೋಟಕಟ್ಟೆಯಲ್ಲಿ ಸೇರುತ್ತೇವೆ. ಗೋಡೆಯ ಮೇಲೆ ನಿಮ್ಮ ಕಾಲದ ಬಾಹ್ಯಾಕಾಶ ಕಥೆಗಳನ್ನು ಓಡಿಸಿ, ನಾಯಕ ಮಾಡಿದ್ದು ಸರಿಯೋ ತಪ್ಪೋ ಎಂದು ವಾದಿಸುವ ಜಾಗವದು. ಇಪ್ಪತ್ತು ವರ್ಷ ಆ ವಾದ ನಡೆಸಿಕೊಟ್ಟವಳು ನಾನು. ಎಲ್ಲರಿಗೂ ಇಷ್ಟವಾದ ಒಂದು ಧಾರಾವಾಹಿಯಲ್ಲಿ, ನೌಕೆ ಉಳಿಸಲು ಕ್ಯಾಪ್ಟನ್ ಕೆಳ ಅಂತಸ್ತಿನ ಬಾಗಿಲು ಮುಚ್ಚಿಸುತ್ತಾನೆ. ಒಳಗಿದ್ದ ಹತ್ತೊಂಬತ್ತು ಕೆಲಸಗಾರರು ಸಾಯುತ್ತಾರೆ. ಆಮೇಲೆ ಅವನು ಕಿಟಕಿಯ ಬಳಿ ಒಬ್ಬನೇ ನಿಂತು ಅಳುತ್ತಾನೆ. ನಾವೂ ಅಳುತ್ತಿದ್ದೆವು. "ಕಠಿಣ ನಿರ್ಧಾರ ತಗೊಳ್ಳಾಕ ಎದಿ ಬೇಕು," ಎಂದು ನಾನು ಪ್ರತಿ ಸಲವೂ ಹೇಳುತ್ತಿದ್ದೆ.

ಒಮ್ಮೆ ನನ್ನ ಗೆಳತಿ ಗುರವ್ವ, "ಒಳಗಿದ್ದವರ ಹೆಸರೇನು?" ಎಂದು ಕೇಳಿದಳು.

"ಕತಿ ಅವರದಲ್ಲಲೇ," ಎಂದು ನಕ್ಕುಬಿಟ್ಟೆ.

ಆರು ವರ್ಷದ ಹಿಂದೆ ನಮ್ಮ ಮೂರನೆಯ ಸುರಂಗದಲ್ಲಿ ಗಾಳಿ ಸೋರಿತು. ಗಣಿಯ ಮುಖ್ಯಸ್ಥ ಸೋಮರಾಯ ಬಾಗಿಲು ಮುಚ್ಚಿಸಿದ. ಒಳಗೆ ಏಳು ಜನರಿದ್ದರು. ಗುರವ್ವನ ಅಣ್ಣ ಫಕೀರಪ್ಪ ಅವರಲ್ಲೊಬ್ಬ. ವಿಚಾರಣೆಯ ದಿನ ಸೋಮರಾಯ ಎಲ್ಲರೆದುರು ನಿಂತು ಅತ್ತುಬಿಟ್ಟ. ನಾಯಕರನ್ನು ತೂಗುವುದರಲ್ಲಿ ಪಳಗಿದವಳೆಂದು ಸಭೆ ನನ್ನ ಅಭಿಪ್ರಾಯ ಕೇಳಿತು. ಕ್ಯಾಪ್ಟನ್ನನ ಬಗ್ಗೆ ಆಡುತ್ತಿದ್ದ ಮಾತನ್ನೇ ಆಡಿದೆ. ಸಭೆ ಅವನನ್ನು ಬಿಟ್ಟುಬಿಟ್ಟಿತು.

ಹೊರಗೆ ಗುರವ್ವ ನನ್ನನ್ನು ತಡೆದಳು. "ಅಂವ ಅತ್ತದ್ದು ನೋಡಿದಿ. ನಮ್ಮಣ್ಣನ ದನಿ ಕೇಳೀಯೇನು?"

ಸುರಂಗದ ಧ್ವನಿಮುದ್ರಣವನ್ನು ಸಭೆ ವಿಚಾರಣೆಗೆ ಮುಂಚೆಯೇ ನನಗೆ ಕಳಿಸಿತ್ತು. ನಾನು ಕೇಳಿರಲಿಲ್ಲ. ಕೇಳುವ ಅಗತ್ಯವಿದೆ ಎಂದೇ ಅನಿಸಿರಲಿಲ್ಲ. ಅವಳು ಹಾಗೆ ಕೇಳಿದ ಮೇಲೂ ಐದು ವರ್ಷ ಅದನ್ನು ಮುಟ್ಟಲಿಲ್ಲ. ಕಳೆದ ವರ್ಷ ಸೋಮರಾಯ ತೀರಿಕೊಂಡು, ಹೊಸ ಸುರಂಗಕ್ಕೆ ಅವನ ಹೆಸರಿಟ್ಟ ದಿನ, ಕೇಳಿದೆ.

"ಏಳೂ ಮಂದಿ ಬಾಗಲ ಹತ್ರಾನ ಅದೀವ್ರಿ," ಎನ್ನುತ್ತಾನೆ ಫಕೀರಪ್ಪ, ಪಕ್ಕದ ಮನೆಯವರನ್ನು ಕರೆಯುವಷ್ಟು ಮೆತ್ತಗೆ. "ಗಾಳಿ ಇನ್ನೂ ಐತ್ರಿ. ಒಂದು ಚೂರು ತಗೀರಿ, ದಾಟಿಬಿಡ್ತೀವಿ." ಹನ್ನೊಂದು ನಿಮಿಷ ಹಾಗೇ ಹೇಳುತ್ತಾನೆ. ತೆರೆಯಲು ಎರಡು ನಿಮಿಷ ಸಾಕಿತ್ತು. ಅತ್ತ ಕೇಳುತ್ತಿದ್ದ ಸೋಮರಾಯ ಒಮ್ಮೆಯೂ ಉತ್ತರಿಸಿಲ್ಲ.

ಅದನ್ನು ನೋಟಕಟ್ಟೆಯಲ್ಲಿ ಎಲ್ಲರಿಗೂ ಕೇಳಿಸಿ, ಅಂದು ನಾನು ಹೇಳಿದ್ದು ತಪ್ಪೆಂದು ಒಪ್ಪಿಕೊಂಡೆ. ಅರ್ಧ ಜನ ನಡುವೆಯೇ ಎದ್ದುಹೋದರು. ಗುರವ್ವ ಕೊನೆಯವರೆಗೂ ಕೂತಿದ್ದು, ನನ್ನತ್ತ ನೋಡದೆ ಹೊರಟುಹೋದಳು.

ಆ ಧಾರಾವಾಹಿಯನ್ನು ನೀವು ಮತ್ತೆ ನೋಡುವುದಾದರೆ, ಕ್ಯಾಪ್ಟನ್ ಅಳತೊಡಗಿದಾಗ ಒಳಗಿದ್ದವರ ಹೆಸರು ಕೇಳಿ. ಅಷ್ಟೇ ನನ್ನ ಕೋರಿಕೆ.

ಗುರವ್ವನ ಮನೆ ಇಲ್ಲಿಂದ ನಾಲ್ಕು ಬಾಗಿಲಾಚೆ. ಹೋಗಿಲ್ಲ. ನಿಮಗಾದರೆ ಬರೆಯಬಹುದು, ನೀವು ಯಾರೂ ನನ್ನ ಮುಖ ನೋಡುವವರಲ್ಲ.

ತುಂಗವ್ವ