ಅಕ್ಕ ಎತ್ತಿಟ್ಟ ಕಡತ

ಮಾರ್ಚ್ ೧೪, ಶುಕ್ರವಾರ

ಅಕ್ಕ ಇಪ್ಪತ್ತು ವರ್ಷ ಕೂತು ತುಂಬಿಸಿದ ವಾಚನಾಲಯದ ಪುಸ್ತಕಪಟ್ಟಿ ಬೆಳಗ್ಗೆಯಿಂದ ಕಂಪ್ಯೂಟರಿನಲ್ಲಿ ತೆರೆಯಲಿಲ್ಲ. ಸೋಮವಾರ ಪಟ್ಟಿ ತೋರಿಸದಿದ್ದರೆ ನಗರಸಭೆಯವರು ಪುಸ್ತಕಗಳನ್ನೆಲ್ಲ ರದ್ದಿಗೆ ಹಾಕುತ್ತಾರೆ. ಹಿಂದೆ ಶಾಲೆಯ ಪುಸ್ತಕಗಳಿಗೂ ಇದೇ ಗತಿ ಕಾಣಿಸಿದ್ದರು, ನಾನು ಮರೆತಿಲ್ಲ. ತಂತ್ರಾಂಶದ ಕಂಪನಿಗೆ ಖಾರವಾಗಿ ಮೂರು ಪುಟ ಬರೆದೆ.

ಸಂಜೆ ಕಾರಣ ಸಿಕ್ಕಿತು. ಮಾಹಿತಿಯೆಲ್ಲ ಇದ್ದ ಕಡತವನ್ನು ಅಕ್ಕನೇ ಬೇರೆ ಫೋಲ್ಡರಿಗೆ ಎತ್ತಿಟ್ಟಿದ್ದಳು. ಮೇಜಿನ ಮೇಲೆ ಬಿದ್ದ ಪುಸ್ತಕ ಕಂಡರೆ ಕಪಾಟಿಗೆ ಸೇರಿಸುವ ಕೈ ಅದು. ಹಳೆಯ ಜಾಗಕ್ಕೆ ತಂದಿಟ್ಟೆ, ಪಟ್ಟಿ ತೆರೆಯಿತು.

"ನಾನೇ ಏನಾದ್ರೂ ಕೆಡಿಸಿದ್ನೇನೋ?" ಎಂದಳು, ಮಧ್ಯಾಹ್ನದ ಊಟವನ್ನೂ ಬಿಟ್ಟು ಕೂತಿದ್ದವಳು.

"ಇಲ್ಲಕ್ಕಾ, ಈ ಡಬ್ಬಾ ಕಂಪ್ಯೂಟರ್‌ದೇ ತಪ್ಪು. ಏಳು, ಊಟ ಮಾಡು."

"ಅದನ್ನ ಬೈಬೇಡ್ವೋ, ಪಾಪ, ವಯಸ್ಸಾಗಿದೆ."

ಪತ್ರ ಹರಿದುಹಾಕಿದೆ. ಸುಳ್ಳು ಹೇಳುವವರ ಮೇಲೆ ಜೀವಮಾನವಿಡೀ ಹರಿಹಾಯ್ದವನು ನಾನು. ಇವತ್ತು ಮಾತ್ರ...