ಬಿಸಿಲನ್ನು ನಂಬಿದ ನಾಯಕರು

ಕೊಟ್ಟೂರು, ಸೋಮವಾರ

ಅಪ್ಪನಿಗೆ ನಮಸ್ಕಾರ.

ನಿನ್ನೆ ಮಧ್ಯಾಹ್ನ ಎರಡಕ್ಕೆ ರೆಫರಿಯ ಸೀಟಿ ಕೇಳಿ ಎಚ್ಚರವಾಯಿತು. ರಾತ್ರಿಯೆಲ್ಲ ಅತ್ತ ಮಗುವೂ ಎದ್ದಿತು. ನಮ್ಮ ಕುಮಟೆಯ ತಂಡದ ಜೊತೆಗಿನ ಫುಟ್‌ಬಾಲ್ ಪಂದ್ಯವನ್ನು ಆ ಹೊತ್ತಿಗೆ ಇಟ್ಟವರು ಊರ ತಂಡದ ನಾಯಕರಾದ ನಿಮ್ಮ ಅಳಿಯಂದಿರೇ. "ಸಮುದ್ರದ ಕಡೆಯೋರಿಗೆ ನಮ್ಮ ಬಿಸ್ಲು ತಡಿಯಂಗಿಲ್ಲ, ಅರ್ಧ ತಾಸಿನ್ಯಾಗ ಮಕ್ಕೊಂತಾರ" ಎಂಬುದು ಅವರ ಲೆಕ್ಕ. ಈ ಊರಿನ ಗಂಡಸರು ಹುಟ್ಟಿದಾಗಿನಿಂದ ಆ ಹೊತ್ತಿಗೆ ಉಂಡು, ಬೇವಿನ ನೆರಳಲ್ಲಿ ಮಲಗಿದವರೆಂಬುದನ್ನು ಮಾತ್ರ ಮರೆತಿದ್ದರು. ನಮ್ಮ ಕುಮಟೆಯ ಹುಡುಗರೋ ಸೆಕೆಯಲ್ಲೇ ಬೆಂದವರು, ನಿಂಬೆ ಶರಬತ್ತು ಕುಡಿದು ನಾಲ್ಕು ಗೋಲು ಹೊಡೆದರು. ಇಲ್ಲಿಯ ಗೋಲ್‌ಕೀಪರ್, ಮೆಕಾನಿಕ್ ಉಸ್ಮಾನ್ ಸಾಬ್, ಗೋಲಿನ ಕಂಬದ ನೆರಳು ಬಿಟ್ಟು ಕದಲಲಿಲ್ಲ. "ನಾಯಿ ಸೈತ ನೆಳ್ಳು ಹುಡುಕೋ ಹೊತ್ನ್ಯಾಗ ಇವ್ರು ಚಂಡಿನ ಬೆನ್ನು ಹತ್ಯಾರ ನೋಡವ್ವ" ಎಂದರು ಅತ್ತೆ.

ನಾಯಕರು ಎತ್ತಿನ ಗಾಡಿಯಲ್ಲಿ ಮಲಗಿಕೊಂಡು ಮನೆಗೆ ಬಂದರು. ಎರಡು ಸಲ ವಾಂತಿ, ಮೈ ಕಾದ ಹೆಂಚು. ಹದಿನೈದು ದಿನ ಬಿಸಿಲಿಗೆ ಇಳಿಯಕೂಡದು, ಇನ್ನೊಮ್ಮೆ ಬಿದ್ದರೆ ಜೀವಕ್ಕೇ ಅಪಾಯ ಎಂದಿದ್ದಾರೆ ಡಾಕ್ಟರು. ಇವರು ಹಾಸಿಗೆಯಿಂದಲೇ ಬರುವ ಭಾನುವಾರದ ಪಂದ್ಯಕ್ಕೆ ಸಮಯ ಬದಲಿಸಿದ್ದಾರೆ, ಹನ್ನೆರಡು ಗಂಟೆಗೆ. "ನಿನ್ನಿ ಬಿಸ್ಲು ಸಾಲದಾತು" ಅನ್ನುತ್ತಾರೆ.

ಮಗುವಿಗೆ ಬೆವರುಸಾಲೆ ಬಿಟ್ಟರೆ ಬೇರೆ ತೊಂದರೆಯಿಲ್ಲ. ನಾನು ಬಿ.ಎ. ಓದಿದ್ದು ಈ ಮನೆಯಲ್ಲಿ ಯಾವ ಉಪಯೋಗಕ್ಕೂ ಬರಲಿಲ್ಲ. ಇವರು ಹೆದರುವುದು ನಿಮಗೊಬ್ಬರಿಗೇ. ಎದುರಿನ ಹತ್ತಿ ಮಂಡಿಯಲ್ಲಿ ಫೋನಿದೆ, ನಂಬರು ೪೨, ಎಷ್ಟು ಹೊತ್ತಾದರೂ ಕರೆದು ಕೊಡುತ್ತಾರೆ. ಭಾನುವಾರ ಬೆಳಗಾಗುವುದರೊಳಗೆ ಒಂದು ಟ್ರಂಕ್ ಕಾಲ್ ಮಾಡಿ ಅಪ್ಪಾ, ಕೈ ಮುಗಿಯುತ್ತೇನೆ.

ವತ್ಸಲಾ